ಬೂದು ಕೋಟಿನ ಒಳಜೇಬು

ಹೊಲಿಗೆ ಅಂಗಡಿಯಿಂದ,
ಹನ್ನೊಂದನೇ ತಾರೀಕು, ಸೋಮವಾರ

ಪ್ರೀತಿಯ ಪುಟ್ಟು,

ಹೇಗಿದ್ದೀಯಪ್ಪ? ಕೆಮ್ಮು ಕಡಿಮೆಯಾಯಿತೇ? ಬಿಸಿನೀರು ಕುಡಿಯಬೇಕಂತೆ, ನಿನ್ನಮ್ಮನ ಅಪ್ಪಣೆ. ಅವಳ ಮಂಡಿನೋವು ಹಾಗೇ ಇದೆ. ನನ್ನ ಆರೋಗ್ಯದ ವಿಷಯ ನೀನೇ ಅಚ್ಚು ಹಾಕಿಸಿದ್ದೀಯ: ನಾನು ತೀರಿಕೊಂಡಿದ್ದೇನೆ.

ಹರಾಜಿನವರು ತಮ್ಮ ಪಟ್ಟಿಯ ಪುಸ್ತಕವನ್ನು ಮನೆಗೇ ಕಳಿಸಿದ್ದರು. ಹಳೆಯ ನೋಟುಗಳನ್ನು ಸಂಗ್ರಹಿಸುವ ಮಗನ ಹೆಸರು ಅಚ್ಚಾಗಿದೆಯೆಂದು ನಿನ್ನಮ್ಮ ಹಿಗ್ಗಿ, ಗಟ್ಟಿಯಾಗಿ ಓದಿ ಎಂದಳು. ಪುಟ ಹದಿನಾಲ್ಕು ಓದಿದೆ. ‘ಕೆರಿಬಿಯನ್ ದ್ವೀಪದ ಹಳೆಯ ಐದು ಡಾಲರ್ ನೋಟು. ಹಡಗಿನಲ್ಲಿ ದುಡಿದು ಸಮುದ್ರದಲ್ಲೇ ಪ್ರಾಣಬಿಟ್ಟ ನನ್ನ ತಂದೆಯ ಜೇಬಿನಲ್ಲಿ ಸಿಕ್ಕಿದ್ದು.’ ನನ್ನ ಸಾವನ್ನು ನಾನೇ ನನ್ನ ಹೆಂಡತಿಗೆ ಓದಿ ಹೇಳಿದೆ ಕಣೋ. ಬೀನ್ಸ್ ಮುರಿಯುತ್ತಿದ್ದವಳು ಕೈ ನಿಲ್ಲಿಸಿ, “ಇದ್ಯಾರ ಅಪ್ಪನ ವಿಷ್ಯ?” ಎಂದಳು. ಕೆರೆಯ ದೋಣಿ ಹತ್ತಿದರೂ ವಾಂತಿ ಮಾಡಿಕೊಳ್ಳುವವನು ನಾನು. ಸಮುದ್ರದಲ್ಲಿ ಸತ್ತವನ ಜೇಬು ಮನೆಗೆ ಹೇಗೆ ಬಂತು ಎಂದಾದರೂ ಯೋಚಿಸಬಾರದಿತ್ತೇ?

ನೋಟಿನ ವರ್ಣನೆಯೂ ಅಷ್ಟೇ. ನೀಲಿ ಬಣ್ಣ, ಬಲಗಡೆ ರಾಜನ ಮುಖ, ನಡುವೆ ಹಾಯಿಹಡಗು, ನಾಲ್ಕು ಮಡಿಕೆ, ಇಷ್ಟು ನಿಜ. ಮೂಲೆಯಲ್ಲಿ ‘ಸಮುದ್ರದ ಉಪ್ಪುನೀರಿನ ಕಲೆ’ ಎಂದಿದ್ದೀಯಲ್ಲ, ಅದು ನನ್ನ ಹೊಲಿಗೆ ಯಂತ್ರದ ಎಣ್ಣೆ. ‘ಸಣ್ಣ ತೂತು, ಬಹುಶಃ ನಾವಿಕರ ಬಿಲ್ಲೆಯ ಪಿನ್ನಿನದು.’ ಅದು ನನ್ನ ಗುಂಡುಸೂಜಿ, ಅಳತೆಯ ಚೀಟಿ ಸೇರಿಸಿ ಚುಚ್ಚಿದ್ದು. ಒಳಪದರ ಬದಲಿಸಲು ಬಂದ ಬೂದು ಕೋಟಿನ ಒಳಜೇಬಿನಲ್ಲಿ ಆ ನೋಟು ಸಿಕ್ಕಿತು. ಕೋಟಿನವರು ಮತ್ತೆ ಬರಲಿಲ್ಲ. ಬಂದಾಗ ಕೊಡಲೆಂದು ಕೋಟನ್ನೂ ನೋಟನ್ನೂ ಹತ್ತೊಂಬತ್ತು ವರ್ಷ ಕಾದಿಟ್ಟೆ. ಇದೆಲ್ಲ ನಿನಗೆ ಗೊತ್ತಿಲ್ಲವೇ? “ಯಾವ ದ್ವೀಪದ್ದು ಅಂತ ನೋಡಿ ವಾಪಸ್ ಕೊಡ್ತೀನಪ್ಪ” ಎಂದು ಒಯ್ದವನು ನೀನು. ನನ್ನನ್ನು ಕೊಂದದ್ದಕ್ಕೆ ನಗುವೇ ಬಂತು. ಬೇರೆಯವರ ಜೇಬಿನದನ್ನು ನಮ್ಮದೆಂದು ಬರೆದೆಯಲ್ಲ, ಅದಕ್ಕೆ ಹೇಸಿಗೆಯಾಗುತ್ತಿದೆ. ಆ ಪುಸ್ತಕ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆದುಕೊಂಡೆ. ಕಿತ್ತುಬಂದ ಗುಂಡಿಯನ್ನೂ ಪೊಟ್ಟಣ ಕಟ್ಟಿ ಗಿರಾಕಿಗೆ ಕೊಡುವ ಅಂಗಡಿಯಲ್ಲಿ ನೀನು ಬೆಳೆದೆ. ನಾನು ಎಲ್ಲಿ ಅಳತೆ ತಪ್ಪಿದೆನೋ ತಿಳಿಯದು.

ನಿನ್ನಮ್ಮನ ಆಶೀರ್ವಾದ ಪೂರ್ತಿ ಇದೆ. ನನ್ನದು ಸದ್ಯಕ್ಕೆ ಅರ್ಧ.

ಇಂತಿ,
ಪುಟ ಹದಿನಾಲ್ಕರಲ್ಲಿ ಸತ್ತ ನಿನ್ನ ಅಪ್ಪ

ವಿ.ಸೂ.: ಕಾಗದ ಮಡಚುವಷ್ಟರಲ್ಲಿ ಒಬ್ಬ ಹೆಂಗಸು ಬಂದಳು. ತೀರಿಕೊಂಡ ಅಪ್ಪನ ಪೆಟ್ಟಿಗೆಯಲ್ಲಿ ಸಿಕ್ಕಿತೆಂದು ನಮ್ಮ ಅಂಗಡಿಯ ರಸೀದಿ ತೋರಿಸಿದಳು. ಬೂದು ಕೋಟು ಇಳಿಸಿ ಕೊಟ್ಟೆ. ಬೇರೇನೂ ನೋಡಲಿಲ್ಲ, ನೇರ ಒಳಜೇಬಿಗೆ ಕೈಹಾಕಿದಳು. “ಅಪ್ಪ ಹಡಗಲ್ಲಿದ್ದಾಗ ನಂಗೇಂತ ಒಂದು ನೋಟು ತಂದಿದ್ರಂತೆ. ಇದ್ರಲ್ಲೇ ಇತ್ತಂತೆ” ಎಂದಳು. “ಭದ್ರವಾಗಿ ತೆಗೆದಿಟ್ಟಿದ್ದೀನಮ್ಮ, ಶುಕ್ರವಾರ ಬಾ” ಎಂದೆ. ಬಟ್ಟೆಯ ವಿಷಯದಲ್ಲಿ ಎಷ್ಟೋ ಸುಳ್ಳು ಶುಕ್ರವಾರಗಳನ್ನು ಹೇಳಿದ್ದೇನೆ, ಈ ಸಲ ನಾಲಿಗೆ ತೊದಲಿತು. ಹರಾಜು ಗುರುವಾರ. ಇದನ್ನು ಕೊರಿಯರ್‌ನಲ್ಲಿ ಹಾಕುತ್ತಿದ್ದೇನೆ, ಬುಧವಾರ ಕೈಸೇರುತ್ತದೆ. ನೋಟು ಬಿಡಿಸಿಕೊಂಡು ಬಾ. ಅವಳ ಕೈಗೆ ನೀನೇ ಕೊಡಬೇಕು. ಹಡಗಿನ ಅಪ್ಪನನ್ನು ಕಳೆದುಕೊಂಡವರ ಮುಖ ಹೇಗಿರುತ್ತದೆಂದು ನೀನೂ ಒಮ್ಮೆ ನೋಡು.