ಜೇನು ತಿನ್ನುವವನ ಹೆಸರು

ಅಪ್ಪನಿಗೆ, ಸ್ಲೊವೇನಿಯದ ಕಾಡಂಚಿನಿಂದ ಮಗಳ ಮುತ್ತುಗಳು.

ಬೆಳಿಗ್ಗೆ ಎದ್ದು ನೋಡಿದರೆ ಅಂಗಳದಲ್ಲಿ ಎರಡು ಜೇನುಪೆಟ್ಟಿಗೆಗಳು ಮಗುಚಿ ಬಿದ್ದಿದ್ದವು. ಒದ್ದೆ ಹುಲ್ಲಿನ ಮೇಲೆ ಮೇಣದ ಚೂರುಗಳು, ಪಕ್ಕದಲ್ಲಿ ಊಟದ ತಟ್ಟೆಯಷ್ಟು ಅಗಲದ ಹೆಜ್ಜೆ. "ಮೆದ್ವೆದ್!" ಎಂದು ಕೂಗಿಬಿಟ್ಟೆ. ಕರಡಿಗೆ ಇಲ್ಲಿಯೂ ನಮ್ಮ ಸ್ಲೊವಾಕಿಯದ ಮಾತೇ. ಮನೆಯೊಡತಿ ಪೊಲೋನಜ್ಜಿ ಓಡಿಬಂದು ನನ್ನ ಬಾಯಿ ಮುಚ್ಚಿದಳು.

"ಮೆಲ್ಲಗೆ ಕಣೇ! ಹೆಸರು ಹಿಡಿದು ಕರೆದ್ರೆ ತಿರುಗಿ ಬರ್ತಾನೆ."

ಅಮ್ಮನೂ ಹೀಗೇ ಗದರುತ್ತಿದ್ದಳಲ್ಲ, "ದೊಡ್ಡಣ್ಣ ಅನ್ನು" ಅಂತ? ಅದನ್ನು ಹೇಳಿದ್ದಕ್ಕೆ ಅಜ್ಜಿ ನಕ್ಕಳು.

"ಮೆದ್ವೆದ್ ಅನ್ನೋದೂ ಅವನ ಹೆಸರಲ್ಲ ಬಿಡು. ಜೇನು ತಿನ್ನೋನು ಅಂತ, ಅಷ್ಟೇ. ನಿಮ್ಮೋರು, ನಮ್ಮೋರು, ರಷ್ಯದೋರು, ಎಲ್ಲಾರೂ ಅಂಜುಬುರುಕರೇ. ನಿಜವಾದ ಹೆಸರನ್ನ ಬಾಯಿಗೆ ತರದೆ ತರದೆ ಕೊನೆಗೆ ಮರೆತೇ ಬಿಟ್ರು."

ಆ ಮಾತು ಕೇಳಿದ ಮೇಲೆ ಈ ಕಾರ್ಡು ಬರೆಯಲು ಕುಳಿತೆ. ಅಮ್ಮ ತೀರಿಹೋದಾಗಿನಿಂದ ನೀನು "ಅವಳು" ಎನ್ನುತ್ತೀಯೇ ಹೊರತು ಒಮ್ಮೆಯೂ ಹೆಸರೆತ್ತಿಲ್ಲ. ತಂಗಿಯ ಮಗಳಿಗೆ ತನ್ನ ಅಜ್ಜಿಯ ಹೆಸರೇ ಗೊತ್ತಿಲ್ಲ.

ಹಿಂದಿನ ಕಾರ್ಡಿನಲ್ಲಿ ಬರೆದಿದ್ದೆನಲ್ಲ, ಜೇನು ಕಚ್ಚಿದ ಕೈ, ಅದರ ಊತ ಇಳಿದಿದೆ, ಚಿಂತೆ ಬೇಡ. ಅಂಚೆಯವನು ಬೇಲಿಯಾಚೆ ನಿಂತು ಗೊಣಗುತ್ತಿದ್ದಾನೆ, ಬೇಗ ಮುಗಿಸುತ್ತೇನೆ. ಈ ಕಾರ್ಡು ಕೈಸೇರಿದ ದಿನ ಅಮ್ಮನ ಜೇನುಪೆಟ್ಟಿಗೆಗಳ ಹತ್ತಿರ ನಿಂತು "ಒಟೀಲಿಯಾ" ಎಂದು ಒಮ್ಮೆ ಗಟ್ಟಿಯಾಗಿ ಕರೆ, ಅಪ್ಪಾ.

ಬಂದರೆ ಬರಲಿ.

ನಿನ್ನ ಯಾರ್ಮಿಲಾ