ರಸ್ತೆಗೆ ತಿರುಗಿಸಿಟ್ಟ ಗಾಜಿನ ಪೆಟ್ಟಿಗೆ

ಅಜಯ,

"ಎಂಟು ದಿನ ನೋಡ್ಕ" ಎಂದು ಬಾಡ ಊರಿನ ನಮ್ಮ ಮನೆಯಲ್ಲಿ ನೀನು ಬಿಟ್ಟುಹೋದ ಆ ಹಸಿರು ಓತಿ, ನಿನ್ನ ವಾಟರ್ ಡ್ರ್ಯಾಗನ್, ಇಲ್ಲಿಗೆ ಬಂದು ಎರಡು ವರ್ಷವಾಯಿತು. ನಿನ್ನ ಮದುವೆಯ ಫೋಟೊವನ್ನು ಯಾರದೋ ಮೊಬೈಲಿನಲ್ಲಿ ನೋಡಿದೆ. ಅದಿರಲಿ, ಓತಿಯ ವಿಷಯ ಹೇಳುತ್ತೇನೆ.

ನೀನು ಬರೆದುಕೊಟ್ಟ ನಾಲ್ಕು ಹಾಳೆಗಳಲ್ಲಿ ಇದ್ದಂತೆಯೇ ಎಲ್ಲ ಮಾಡಿದೆ. ದಿನಾ ನೀರು ಬದಲಿಸಿದೆ, ಮಿಡತೆಗೆ ಕ್ಯಾಲ್ಸಿಯಂ ಪುಡಿ ಸವರಿ ಕೊಟ್ಟೆ. ಬೆಳಗಿನ ಬಿಸಿಲಿಗೆ ಅಂಗಳದಲ್ಲಿ, ಒಣಮೀನಿಗೆ ಕಾಗೆ ಬಾಯಿ ಹಾಕದಂತೆ ಹೊದಿಸುವ ಬಲೆಯಡಿ ಬಿಟ್ಟೆ. ಆದರೂ ಪೆಟ್ಟಿಗೆಯೊಳಗೆ ಹೋದ ಕೂಡಲೇ ಅದು ಗಾಜಿಗೆ ಮೂತಿ ಗುದ್ದುತ್ತಿತ್ತು.

"ಅವ್ನ ದಾರಿ ಕಾಯ್ತದೆ, ಪಾಪ. ರಸ್ತೆ ಬದಿಗೆ ತಿರ್ಗ್ಸಿಡು" ಎಂದಳು ಅಮ್ಮ. ತಿರುಗಿಸಿಟ್ಟೆ. ಗುದ್ದುವುದು ಇನ್ನೂ ಹೆಚ್ಚಾಗಿ ಮೂತಿ ಹುಣ್ಣಾಯಿತು.

ಸೋಮವಾರ ಬಸ್ಸಿನಲ್ಲಿ ಹೊನ್ನಾವರಕ್ಕೆ ಒಯ್ದೆ. ಅಮ್ಮ ಹೇಳಿದ್ದನ್ನೇ ಪಶುವೈದ್ಯರಿಗೂ ಹೇಳಿಬಿಟ್ಟೆ. ಅವರು ನಕ್ಕರು.

"ಅದು ಯಾರ್ನೂ ಕಾಯೂದಿಲ್ಲ. ಎದುರಿಗೆ ಗಾಜು ಅದೆ ಅಂತ ಅದ್ಕೆ ತಿಳೀತಿಲ್ಲ, ಅಷ್ಟೇ. ಕೆಳಗಡೆ ಸುತ್ತ ಕಾಗದ ಅಂಟ್ಸಿ."

ಮನೆಯಲ್ಲಿ ಬೇರೆ ಕಾಗದ ಇರಲಿಲ್ಲವೆಂದಲ್ಲ. ನಾಲ್ಕು ಬದಿಗೂ ನಿನ್ನ ನಾಲ್ಕು ಹಾಳೆಗಳನ್ನೇ ಅಂಟಿಸಿದೆ, ಅಕ್ಷರ ಒಳಮುಖವಾಗಿ. ಅವುಗಳಲ್ಲಿ ನನ್ನ ಹೆಸರು ಎಲ್ಲೂ ಇಲ್ಲ. ಹಿಂದೆಯೇ ಹುಡುಕಿ ನೋಡಿದ್ದೆ.

ಇವತ್ತು ಬುಧವಾರ. ಬೆಳಗಿನಿಂದ ಅದು ಒಮ್ಮೆಯೂ ಗುದ್ದಿಲ್ಲ. ಆ ಕಡೆ ದಾರಿಯಿಲ್ಲವೆಂದು ತಿಳಿಯಲು ಅದಕ್ಕೆ ಎರಡೇ ದಿನ ಸಾಕಾಯಿತು.

ಸುಚಿತಾ