ತಲೆಯ ಹಿಂದಕ್ಕೆ ಹೋಗುವ ಚೆಂಡು

ಅಪ್ಪಾ,

ನನ್ನ ಟೆನಿಸ್ ಸರ್ವ್ ಕೆಡಿಸಿದ್ದು ನೀವೇ ಎಂದು ಇವತ್ತು ಸಾಬೀತಾಯಿತು. ಚೆಂಡನ್ನು ನೆಟ್ಟಗೆ ಮೇಲಕ್ಕೆ ಎಸೆಯಲು ನಲವತ್ತೆರಡನೇ ವಯಸ್ಸಿನಲ್ಲೂ ಹೆಣಗುತ್ತಿದ್ದೇನೆ. ಹಾಳಾದ್ದು ಪ್ರತಿ ಸಲವೂ ತಲೆಯ ಹಿಂದಕ್ಕೇ ಹೋಗುತ್ತದೆ.

"ಎಸೀಬೇಡ್ವೇ, ಅಟ್ಟದ ಮೇಲೆ ಡಬ್ಬಿ ಇಟ್ಟ ಹಾಗೆ ಇಡು!" ಎಂದು ನನ್ನ ಬೆನ್ನ ಹಿಂದಿನ ಬೆಂಚಿನಿಂದ ಊರಿಗೆಲ್ಲ ಕೇಳುವಂತೆ ಕೂಗುತ್ತಿದ್ದಿರಲ್ಲ, ಅದೂ ಫೈನಲ್ ಪಂದ್ಯದ ನಡುವೆ! ಮರ್ಯಾದೆ ಹೋಗಿ, "ಇನ್ಮೇಲೆ ನನ್ನ ಆಟಕ್ಕೆ ಬರ್ಲೇಬೇಡಿ" ಅಂದೆ. ಹಟಮಾರಿ ನೀವು, ಕಣ್ಣು ಮುಚ್ಚುವವರೆಗೂ ಬರಲಿಲ್ಲ.

ಇವತ್ತು ಕೋಚ್ ಮೊಬೈಲಿನಲ್ಲಿ ವಿಡಿಯೊ ತೋರಿಸಿದರು. "ಮೇಡಂ, ಕೈ ಸರಿಯಾಗೇ ಇದೆ. ಎಸೆಯೋ ಹೊತ್ತಿಗೆ ಹಿಂದಿರೋ ಆ ಖಾಲಿ ಬೆಂಚ್ ಕಡೆ ಯಾಕೆ ತಿರುಗ್ತೀರಾ?"

ಬರಬೇಡಿ ಎಂದು ನಿಮಗೆ ಹೇಳಿದ್ದೆ. ನನ್ನ ಕುತ್ತಿಗೆಗೆ ಹೇಳಿರಲಿಲ್ಲ.